ಮೊದಲ ಚಂದಾ ಹದ್ದುಬಸ್ತಿಗೆ



ಶಾಲೆಯ ಹಿಂದಿನ ಬಯಲು ನಮ್ಮ ಕ್ರೀಡಾ ಸಂಘದ್ದೆಂದು ಎಲ್ಲರೂ ಹೇಳುತ್ತೇವೆ. ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡಿದವರು ಕಡಿಮೆ. ರಸ್ತೆ ಅಗಲವಾದ ಮೇಲೆ ಗಡಿಕಲ್ಲುಗಳಿಲ್ಲ. ಕಬಡ್ಡಿ ಅಂಕಣದ ಪಕ್ಕಕ್ಕೇ ಸೈಟಿನ ಗೂಟ ಬಂದಿದೆ. ಗ್ಯಾಲರಿ, ಫ್ಲಡ್‌ಲೈಟು ಆಮೇಲಾಗಲಿ. ಮೊದಲ ಚಂದಾ ಹದ್ದುಬಸ್ತು ಅಳತೆಗೆ, ಕಲ್ಲು ನೆಡುವುದಕ್ಕೆ, ತಂತಿಬೇಲಿಗೆ ಹೋಗಲಿ.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವರೇ ಗೆದ್ದರು. ಅಲ್ಲಿ ಪಾರ್ಕೆಂದು ಗುರುತಿಸಿದ ಬಡಾವಣೆಯ ನಕ್ಷೆ ಇತ್ತು. ನಮ್ಮಲ್ಲಿ ಅಂಥ ಕಾಗದ ಇನ್ನೂ ಇಲ್ಲ.

ಹೊರಗಿರುವ ನಾವು ನಾಲ್ಕು ಜನವೇ ಖರ್ಚು ಹಾಕಬಹುದು. ಅದು ಬೇಡ. ಮನೆಗೆ ನೂರು ರೂಪಾಯಿಯಾದರೂ ಬರಲಿ. ಕೊಟ್ಟವರು ಗೂಟ ಕಂಡರೆ ಕೇಳುತ್ತಾರೆ. ವಿದೇಶಿ ಪೌರತ್ವ ಪಡೆದ ಗೆಳೆಯರ ಹಣವನ್ನು ಎಫ್‌ಸಿಆರ್‌ಎ ನೋಂದಣಿಯಿಲ್ಲದೆ ಸಂಘ ಪಡೆಯುವಂತಿಲ್ಲ, ಅವರು ಬೇಸರಿಸಬಾರದು. ಲೆಕ್ಕ ತಿಂಗಳಿಗೊಮ್ಮೆ ಹಾಲಿನ ಡೇರಿಯ ಬೋರ್ಡಿನಲ್ಲಿ ಬರಲಿ. ಆ್ಯಪ್ ಬೇಡ, ಇಂಜಿನಿಯರ್ ಆದ ನಾನೇ ಹೇಳುತ್ತಿದ್ದೇನೆ!

ಅಳತೆಯ ಅರ್ಜಿ ಶುಲ್ಕ 2006ರ ಬ್ಯಾಚಿನದು. ರಸೀದಿ ಪುಸ್ತಕ ಊಟದ ಪೆಂಡಾಲಿನ ಬಳಿ ಇದೆ.