ರಸ್ತೆಯ ಲೆಕ್ಕದಲ್ಲಿ ನಡೆಯುವವನ ಪಾಲೆಷ್ಟು?

(ಗೊರಗುಂಟೆಪಾಳ್ಯದಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಕಟ್ಟಡ ಕಟ್ಟಹೊರಟವರು ಸರ್ಕಾರದ ಮುಂದಿಡುವ ಕಾಗದಗಳ ಕಟ್ಟಿನಲ್ಲಿ ಸಂಚಾರ ಪರಿಣಾಮ ಅಧ್ಯಯನ ಎಂಬುದೊಂದಿರುತ್ತದೆ. ಕಟ್ಟಡ ಎದ್ದ ಮೇಲೆ ಸುತ್ತಲಿನ ರಸ್ತೆಗಳಲ್ಲಿ ಎಷ್ಟು ವಾಹನ ಹೆಚ್ಚುತ್ತದೆ, ರಸ್ತೆ ಅದನ್ನು ತಾಳುತ್ತದೆಯೇ ಎಂದು ಹೇಳುವ ಕಾಗದ ಅದು. ಪುಟ ತುಂಬ ಕೋಷ್ಟಕ, ಎಲ್ಲವೂ ಇಂಗ್ಲಿಷು. ನಮ್ಮಂಥವರು ದೂರದಿಂದಲೇ ಕೈಮುಗಿಯಲಿ ಎಂಬಂತಿರುತ್ತದೆ ಅದರ ಠೀವಿ. ಆದರೆ ನಾನು ಮೇಷ್ಟರಾಗಿದ್ದವನು. ಒಳಗಿರುವುದು ಕೂಡುವ, ಗುಣಿಸುವ ಲೆಕ್ಕ. ಹುಡುಗರ ಉತ್ತರ ತಪ್ಪಿದಾಗ ಬಹುಮಟ್ಟಿಗೆ ಗುಣಾಕಾರ ಸರಿಯಾಗಿಯೇ ಇರುತ್ತದೆ. ಪ್ರಶ್ನೆಯಿಂದ ಅಂಕಿ ಇಳಿಸಿಕೊಳ್ಳುವಾಗ ಒಂದನ್ನು ಬಿಟ್ಟಿರುತ್ತಾರೆ. ಇಲ್ಲಿಯೂ ಅದೇ ಸಂಗತಿ.

ರಸ್ತೆಯ ಮೇಲೆ ಹೋಗುವುದನ್ನೆಲ್ಲ ಒಂದು ಕಾರಿನ ಅಳತೆಗೆ ಇಳಿಸಿ ಕೂಡುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1990ರಲ್ಲಿ ಹೊರಡಿಸಿದ 106ನೆಯ ಕೈಪಿಡಿಯಲ್ಲಿ ನಗರದ ರಸ್ತೆಗಳಿಗೆ ಈ ಅಳತೆ ಇದೆ. ಕಾರು 1. ಸೈಕಲ್ಲು 0.4, ಇಲ್ಲವೆ 0.5. ಲಾರಿ, ಬಸ್ಸು 2.2, ಸಂಚಾರದಲ್ಲಿ ಅವುಗಳ ಪಾಲು ಶೇ. 10 ಮುಟ್ಟಿದರೆ 3.7. ಕೈಗಾಡಿ 2ರಿಂದ 3. ತಳ್ಳುಗಾಡಿಯ ಅಣ್ಣಂದಿರು ಕೇಳಿಸಿಕೊಳ್ಳಿ, ಈ ಲೆಕ್ಕದಲ್ಲಿ ನೀವು ಎರಡು ಮೂರು ಕಾರುಗಳ ಜಾಗ ನುಂಗುವ ಸಾಹುಕಾರರು!

ಐವತ್ತು ಜನ ಕೂತು ನಿಂತು ಹೋಗುವ ಬಸ್ಸು 3.7, ಒಬ್ಬೊಬ್ಬರೇ ಕೂತ ನಾಲ್ಕು ಕಾರು 4. ರಸ್ತೆಯ ಜಾಗ ಅಳೆಯುವುದಕ್ಕೆ ಹುಟ್ಟಿದ ಅಳತೆ ಇದು, ಆ ಕೆಲಸಕ್ಕೆ ಸರಿಯೇ. ಜನರ ಅನುಕೂಲವನ್ನು ಅದರಿಂದಲೇ ಅಳೆಯಹೊರಟರೆ ನಾಲ್ಕು ಜನ ಐವತ್ತು ಜನರಿಗಿಂತ ದೊಡ್ಡವರಾಗುತ್ತಾರೆ. ಇನ್ನು ನಡೆದು ಹೋಗುವವನು? ಆ ಪಟ್ಟಿಯಲ್ಲಿ ಅವನು ಇಲ್ಲವೇ ಇಲ್ಲ. ಅವನನ್ನು ಎಣಿಸುವ ಕ್ರಮವಿಲ್ಲ ಎನ್ನುವಂತಿಲ್ಲ. ಪಾದಚಾರಿಗಳಿಗೆಂದೇ ಅದೇ ಸಂಸ್ಥೆಯ 103ನೆಯ ಕೈಪಿಡಿ ಇದೆ.

ಇದು ನಮಗೇಕೆ ಮುಖ್ಯ? ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ಇದ್ದ ನೆಲದಲ್ಲಿ 2010ರಲ್ಲಿ ಮಾಲು ತೆರೆಯಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಎತ್ತರದ ವಸತಿ ಕಟ್ಟಡಗಳು ಎದ್ದವು. ಮಿಲ್ಲಿನ ಬಾಗಿಲಿಗೆ ಜನ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬರುತ್ತಿದ್ದರು; ಮಾಲಿನ ಬಾಗಿಲಿಗೆ ಕಾರು ಬರುತ್ತದೆ. ನೆಲ ಅದೇ, ರಸ್ತೆ ಅದೇ, ಹೊರೆ ಬೇರೆ. ಯಶವಂತಪುರದಿಂದ ಪೀಣ್ಯದವರೆಗೆ ಕಾರ್ಖಾನೆಗಳ ನೆಲ ಎಷ್ಟಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ವರದಿ ಕೈಗೆ ಸಿಕ್ಕಿದರೆ ಮೊದಲು ಎಣಿಕೆಯ ಹೊತ್ತು ನೋಡಿ. ಬೆಳಿಗ್ಗೆ 9ರಿಂದ 11 ಎಂದಿದ್ದರೆ ಅದು ಆಫೀಸಿನವರ ಹೊತ್ತು. ಪಾಳಿ ಬದಲಾಗುವುದು 6ಕ್ಕೆ, 2ಕ್ಕೆ, ರಾತ್ರಿ 10ಕ್ಕೆ. ಯಶವಂತಪುರದ ಯಾರ್ಡಿನ ಲಾರಿಗಳು ಬೆಳಗಾಗುವ ಮುಂಚೆಯೇ ಓಡಾಡುತ್ತವೆ.

ಆಮೇಲೆ ಎಣಿಸಿದ ತಾರೀಖು. ಇಲ್ಲಿಂದ ನಾಗಸಂದ್ರದ ಕಡೆಗೆ ಹೋಗುವ, 2010ರಲ್ಲಿ ತೆರೆದ ಮೇಲುಸೇತುವೆಯನ್ನು ಒಳಗಿನ ಉಕ್ಕಿನ ಕೇಬಲ್ಲುಗಳು ಕೆಟ್ಟವೆಂದು 2021ರ ಡಿಸೆಂಬರ್ 25ರಂದು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳನ್ನು ಬಿಟ್ಟರು. ಲಾರಿ ಬಸ್ಸುಗಳಿಗೆ 2024ರ ಜುಲೈವರೆಗೂ ಅವಕಾಶವಿರಲಿಲ್ಲ. ಎರಡೂವರೆ ವರ್ಷ ಆ ಹೊರೆಯೆಲ್ಲ ಕೆಳಗಿನ ರಸ್ತೆಗೆ, ನಮ್ಮ ಈ ವೃತ್ತಕ್ಕೆ ಬಿತ್ತು. ಸೇತುವೆ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂಬ ಎರಡು ಲೆಕ್ಕವೂ ಇರದ ವರದಿಯನ್ನು ನಾನಂತೂ ಒಪ್ಪಲಾರೆ. ಮೇಲಾಗಿ, 2024ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಮೆಟ್ರೋ ಮೂರನೆಯ ಹಂತ ಹೊರ ವರ್ತುಲ ರಸ್ತೆಯಲ್ಲೇ ಬರಬೇಕು. ಕಂಬ ಏಳುವ ಕಾಲದಲ್ಲಿ ರಸ್ತೆ ಎಷ್ಟು ಕಿರಿದಾಗುತ್ತದೆ ಎಂಬುದೂ ಬರೆದಿರಬೇಕು.

ವಿದ್ವಾಂಸರು ಮಾಡಿದ್ದು, ನಾವೇನು ನೋಡುವುದು ಎನ್ನಬೇಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಗೆ 2024ರಲ್ಲಿ ಆದ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ನಾಸಿಕ, ಮಾಲೆಗಾಂವ್‌ಗಳ ಹೆಸರು ಸೇರಿಕೊಂಡಿದ್ದವು. ಆಗಿನ ಮಹಾನಗರ ಪಾಲಿಕೆ ಸಲಹೆಗಾರರಿಗೆ ದಂಡ ಹಾಕಿತು. ಯಾರೋ ಕೂತು ಓದಿದ್ದರಿಂದ ಅದು ಹೊರಬಿತ್ತು.

ಕೊನೆಯ ಪುಟಗಳಲ್ಲಿ ಪರಿಹಾರ ಕ್ರಮಗಳು ಎಂಬ ತಲೆಬರಹವಿರುತ್ತದೆ. ವ್ಯಾಪಾರಿಗಳು ಆ ಪುಟವನ್ನೇ ಮೊದಲು ತೆಗೆಯಬೇಕು. ಕಾರಿಗೆ ಜಾಗ ಮಾಡಲು ಕಾಲುದಾರಿ ಕತ್ತರಿಸುವುದು, ಬೀದಿಬದಿಯವರನ್ನು ಎಬ್ಬಿಸುವುದು ಅಲ್ಲಿ ಅಡಗಿರಬಹುದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

2006ರ ಪರಿಸರ ಅಧಿಸೂಚನೆಯಂತೆ 20,000 ಚದರ ಮೀಟರು ಮುಟ್ಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಕಟ್ಟಡಗಳಿಗೆ ಸಾರ್ವಜನಿಕರ ಅಹವಾಲು ಕೇಳುವುದರಿಂದ ವಿನಾಯಿತಿ ಕೊಟ್ಟಿದ್ದಾರೆ. ನಮ್ಮನ್ನು ಕರೆದು ಯಾರೂ ಕೇಳುವುದಿಲ್ಲ. ನಾವೇ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ವರದಿ ಕೇಳಬೇಕು. ಉತ್ತರಕ್ಕೆ 30 ದಿನದ ಗಡುವು.

ಅಷ್ಟರಲ್ಲಿ ನಮ್ಮ ಎಣಿಕೆ ನಮ್ಮ ಕೈಯಲ್ಲಿರಲಿ. ಬರುವ ಸೋಮವಾರ ಬೆಳಿಗ್ಗೆ 5ರಿಂದ 7, ಮಧ್ಯಾಹ್ನ 1ರಿಂದ 3, ರಾತ್ರಿ 9ರಿಂದ 11. ತುಮಕೂರು ರಸ್ತೆ ದಾಟುವವರನ್ನು ಎಣಿಸಲು ಆರು ಜನ, ಬಸ್ಸಿನಿಂದ ಇಳಿಯುವವರಿಗೆ ನಾಲ್ಕು ಜನ, ಮೆಟ್ರೋ ಮೆಟ್ಟಿಲ ಬುಡದಲ್ಲಿ ಇಬ್ಬರು ಬೇಕು. ಐದೈದಕ್ಕೆ ಒಂದು ಅಡ್ಡಗೆರೆ ಎಳೆದರೆ ಸಾಕು. ಕಾಗದ, ಪೆನ್ಸಿಲು ನಾನು ತರುತ್ತೇನೆ. ಹೆಸರು ಕೊಡುವವರು ಈಗಲೇ ಕೊಡಿ.