ಯಂತ್ರ ಒಂಟಿಯಾಗಿ ಚೆನ್ನಾಗಿದ್ದರೆ ಸಾಲದು
(ರಾತ್ರಿಶಾಲೆಯ ಸಭೆಯಲ್ಲಿ ಮಾಡಿದ ಭಾಷಣ)



ಕರೆಂಟು ಹೋದರೆ ಗಿರಣಿಯ ಮಗ್ಗ ನಿಲ್ಲುತ್ತದೆ, ಹೋಟೆಲಿನ ರುಬ್ಬುವ ಯಂತ್ರವೂ ನಿಲ್ಲುತ್ತದೆ. ನಷ್ಟದ ಮೊದಲ ಪೆಟ್ಟು ದಿನಗೂಲಿಯವನಿಗೇ. ಆದ್ದರಿಂದ ಇದು ಎಂಜಿನಿಯರರಿಗೆ ಮಾತ್ರ ಸೇರಿದ ವಿಷಯವಲ್ಲ.

ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿದ್ದು ನೀರಿನ ಬಲದಿಂದ ತಿರುಗುವ ಭಾರವಾದ ಯಂತ್ರಗಳಲ್ಲಿ. ಭಾರದ ಚಕ್ರ ಥಟ್ಟನೆ ವೇಗ ಕಳೆದುಕೊಳ್ಳದು. ಗಿರಣಿಯಲ್ಲಿ ದುಡಿದವರಿಗೆ ಇದು ಗೊತ್ತು. ಇಂದು ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವಿದೆ. ಅಲ್ಲಿ ತಿರುಗುವ ಚಕ್ರವಿಲ್ಲ. ಬಿಸಿಲಿನಿಂದ ಬಂದ ಏಕಮುಖ ವಿದ್ಯುತ್ತನ್ನು ಇನ್ವರ್ಟರ್ ಎಂಬ ಪರಿವರ್ತಕ, ಸೆಕೆಂಡಿಗೆ 50 ಸಲ ಆವರ್ತಿಸುವ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ. ಸಾಮಾನ್ಯವಾಗಿ ಅದು ಜಾಲದ ವೋಲ್ಟೇಜನ್ನು ಅಳೆದು, ಅದರ ತಾಳಕ್ಕೆ ತಕ್ಕಂತೆ ನಡೆಯುತ್ತದೆ.

ತೊಡಕು ಇಲ್ಲಿದೆ. ಜಾಲ ದುರ್ಬಲವಾಗಿದ್ದರೆ, ಪರಿವರ್ತಕ ಕೊಟ್ಟ ವಿದ್ಯುತ್ತೇ ತಾನು ಅಳೆಯುವ ವೋಲ್ಟೇಜನ್ನು ಅಲುಗಾಡಿಸುತ್ತದೆ. ಅದನ್ನು ಸರಿಪಡಿಸಹೋದರೆ ಮತ್ತೆ ಅಲುಗಾಟ. ಸಭೆಗಳಲ್ಲಿ ಧ್ವನಿವರ್ಧಕ ಕಿರುಚುವುದನ್ನು ಕೇಳಿದ್ದೀರಿ. ಮೈಕೂ ಸರಿ, ಹಾರ್ನೂ ಸರಿ. ಒಂದರ ದನಿ ಇನ್ನೊಂದಕ್ಕೆ ಮರಳಿದಾಗ ಕೂಗು ಬೆಳೆಯುತ್ತದೆ. ಇದೂ ಹಾಗೆಯೇ.

ಹಾಗಾದರೆ ಮುಂಚಿತವಾಗಿ ತಿಳಿಯುವುದು ಹೇಗೆ? ಮೊದಲನೆಯದು, ಒಂದು ಒರಟು ಲೆಕ್ಕ. ಜೋಡಣೆಯ ಸ್ಥಳದಲ್ಲಿ ಜಾಲದ ಶಾರ್ಟ್‌ಸರ್ಕ್ಯೂಟ್ ಬಲವನ್ನು ಸ್ಥಾವರದ ಸಾಮರ್ಥ್ಯದಿಂದ ಭಾಗಿಸುವುದು. ಬಲ 600, ಸಾಮರ್ಥ್ಯ 100 ಆದರೆ ಉತ್ತರ 6, ಚಿಂತೆ ಕಡಿಮೆ. ಸಾಮರ್ಥ್ಯ 300 ಆದರೆ ಉತ್ತರ 2. ಮೂರಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ದುರ್ಬಲವೆನ್ನುತ್ತಾರೆ. ಎರಡನೆಯದು, ಬೇರೆ ಬೇರೆ ಆವರ್ತನದ ಸಣ್ಣ ಕದಲಿಕೆ ಕೊಟ್ಟು, ಪರಿವರ್ತಕ ಎಷ್ಟು ತಡೆಯೊಡ್ಡುತ್ತದೆ, ಜಾಲ ಎಷ್ಟು ಒಡ್ಡುತ್ತದೆ ಎಂದು ಹೋಲಿಸುವುದು. ಕದಲಿಕೆ ಅಡಗುವುದೋ ಬೆಳೆಯುವುದೋ ಎಂದು ತೀರ್ಮಾನಿಸಲು ನೈಕ್ವಿಸ್ಟ್ ಎಂಬವರು 1932ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಆಧಾರ. ಮೂರನೆಯದು, ಒಂದು ಲೈನು ಕಡಿದುಹೋದರೆ ಏನಾದೀತೆಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು. ಲೈನು ಹೋದಾಗ ಜಾಲ ಇನ್ನಷ್ಟು ದುರ್ಬಲವಾಗುತ್ತದೆ.

ಈ ಮೂರನೆಯ ಪರೀಕ್ಷೆ ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನ. 2016ರ ಆಗಸ್ಟ್ 16ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಾಳ್ಗಿಚ್ಚಿನಿಂದ ಲೈನುಗಳಲ್ಲಿ ದೋಷವುಂಟಾಗಿ ಸುಮಾರು 1,200 ಮೆಗಾವಾಟ್ ಸೌರ ವಿದ್ಯುತ್ತು ಕೈಬಿಟ್ಟಿತು. ಯಂತ್ರಗಳು ಕೆಟ್ಟಿರಲಿಲ್ಲ. ದೋಷದ ಕ್ಷಣದಲ್ಲಿ ಹಲವು ಇನ್ವರ್ಟರುಗಳು ಆವರ್ತನವನ್ನು ತಪ್ಪಾಗಿ ಅಳೆದು ತಾವಾಗಿಯೇ ಕಳಚಿಕೊಂಡಿದ್ದವು.

ಬಂಧುಗಳೇ, ಬಿಸಿಲಿನ ವಿದ್ಯುತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಕಾರ್ಖಾನೆಯಲ್ಲಿ ಪಾಸಾದ ಯಂತ್ರ ಜಾಲದ ಜೊತೆಗೂಡಿಯೂ ಪಾಸಾಗಬೇಕು. ಇಲ್ಲಿ ವೈರಿಂಗ್ ಕೆಲಸ ಕಲಿಯುತ್ತಿರುವ ತಮ್ಮಂದಿರು ಇದನ್ನು ಇನ್ನೂ ಆಳವಾಗಿ ಓದಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.