ಹಾರಕ್ಕಿಂತ ಮೊದಲು ಲೆಕ್ಕ



ನಮ್ಮ ಜಿಲ್ಲೆಯಲ್ಲಿ ದೊಡ್ಡ ಹಣ ಹುಟ್ಟಿದ್ದು ಚಿಲ್ಲರೆಯಿಂದ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಯೋಜನೆ ತೆಗೆದು, ಬಾಗಿಲಿಗೇ ಬಂದು ದಿನಕ್ಕೆ 2 ಆಣೆ ಕೂಡಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, ಪಾಠ ಉಳಿದಿದೆ.

ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲೆಗೋ ಯುವಕ ಮಂಡಲಕ್ಕೋ ಒಂದು ಪ್ರತಿಷ್ಠಾನ ಅನುದಾನ ಕೊಟ್ಟರೆ ನಾವು ಹಾರ ಹಾಕಿ ಕೈಮುಗಿಯುತ್ತೇವೆ. ಆ ಹಣ ಎಲ್ಲಿಯದು? ಕೆಲವು ಊರವರ ದೇಣಿಗೆ, ಕೆಲವು ಕಂಪನಿಗಳ ಲಾಭ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮುಟ್ಟಿದ ಕಂಪನಿಯು ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು; ತಾನು ವ್ಯವಹಾರ ನಡೆಸುವ ಊರಿಗೆ ಆದ್ಯತೆ ಕೊಡಬೇಕು. ಆ ಲಾಭದಲ್ಲಿ ಕೂಲಿಯವನ ಬೆವರಿದೆ, ಅಂಗಡಿಯವನ ವ್ಯಾಪಾರವಿದೆ. ಅದನ್ನು ಭಿಕ್ಷೆಯೆಂದು ತಿಳಿಯಬೇಡಿರಿ.

ಆದರೆ ಕೇಳುವ ಸಂಘಕ್ಕೂ ಶಿಸ್ತು ಬೇಕು. ನೋಂದಣಿ, ಮೂರು ವರ್ಷ ನಡೆಸಿದ ಕೆಲಸ, ತಪಾಸಣೆಯಾದ ಲೆಕ್ಕ—ಇವಿಲ್ಲದ ಸಂಘಕ್ಕೆ ಕಂಪನಿಯ ಹಣ ಸಾಮಾನ್ಯವಾಗಿ ಸಿಗದು. ಕಾಗದಪತ್ರವಿಲ್ಲದ ಬಡ ಸಂಘ ಹೊರಗೇ ನಿಲ್ಲುತ್ತದೆ.

ಆದುದರಿಂದ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ನಿಮ್ಮ ಸಂಘವನ್ನು ನೋಂದಾಯಿಸಿರಿ. ಮಹಾಸಭೆಯಲ್ಲಿ ಲೆಕ್ಕ ಓದಿಸಿರಿ. ಕೊಡುವವರನ್ನೂ ಕೇಳಿರಿ: ಯಾರಿಗೆ, ಎಷ್ಟು, ಯಾವ ಆಧಾರದ ಮೇಲೆ? ಉತ್ತರ ಬಂದಮೇಲೆ ಹಾರ ಹಾಕೋಣ.